‘ಸಾಹಸ’ ಪದದ ಎರಡು ಮುಖಗಳು

ಇಂದಿನ ಕನ್ನಡದಲ್ಲಿ ‘ಸಾಹಸ’ ಮೆಚ್ಚುಗೆಯ ಮಾತು. ದುಡುಕಿನ ಕೃತ್ಯವನ್ನು ನಿಂದಿಸಬೇಕಾದಾಗ ‘ದುಸ್ಸಾಹಸ’ ಎನ್ನಬೇಕಾಗುತ್ತದೆ. ಪ್ರಾಚೀನರಿಗೆ ಆ ಉಪಸರ್ಗದ ಅಗತ್ಯ ಅಷ್ಟಾಗಿ ಇರಲಿಲ್ಲ; ಸಾಹಸವೆಂದರೆ ಸಾಕು, ದೋಷದ ಅರ್ಥ ಹೊಳೆಯುತ್ತಿತ್ತು.

ಸಂಸ್ಕೃತದ ‘ಸಹಸ್’ ಎಂದರೆ ಬಲ. ಅದರ ತೃತೀಯಾ ವಿಭಕ್ತಿಯ ರೂಪ ‘ಸಹಸಾ’. ಬಲದಿಂದ, ಒಮ್ಮೆಗೇ, ವಿಚಾರಿಸದೆ ಎಂದು ಅದರ ಅರ್ಥ ಬೆಳೆಯಿತು. ಕೌಟಿಲ್ಯನ ಅರ್ಥಶಾಸ್ತ್ರವು ಎದುರಿಗೇ ಬಲಾತ್ಕಾರದಿಂದ ಕಸಿಯುವುದನ್ನು ಸಾಹಸವೆಂದು ಕರೆದು, ಕಳವಿನಿಂದ ಬೇರ್ಪಡಿಸುತ್ತದೆ. ಮನುಸ್ಮೃತಿಯಲ್ಲಿ ಪ್ರಥಮ, ಮಧ್ಯಮ, ಉತ್ತಮ ಸಾಹಸಗಳೆಂದರೆ ಕ್ರಮವಾಗಿ 250, 500, 1000 ಪಣಗಳ ದಂಡ. ಕಲ್ಯಾಣದ ವಿಜ್ಞಾನೇಶ್ವರನ ಮಿತಾಕ್ಷರೆಯಲ್ಲೂ ಸಾಹಸವು ವಿಚಾರಣೆಗೆ ಬರುವ ಅಪರಾಧವೇ.

ಭಾರವಿಯ ‘ಕಿರಾತಾರ್ಜುನೀಯ’ದ ಎರಡನೆಯ ಸರ್ಗದಲ್ಲಿ ಯುದ್ಧಕ್ಕೆ ಆತುರಪಡುವ ಭೀಮನಿಗೆ ಧರ್ಮರಾಜನು, ಸಹಸಾ ಯಾವ ಕಾರ್ಯಕ್ಕೂ ಕೈಹಾಕಬಾರದೆಂದು ಬುದ್ಧಿ ಹೇಳುತ್ತಾನೆ. ಈ ಕವಿಯ ಕೀರ್ತಿಗೆ ಐಹೊಳೆಯ ಮೇಗುತಿ ಜಿನಾಲಯವೇ ಸಾಕ್ಷಿ, ಕ್ರಿ.ಶ. 634ರ ಅಲ್ಲಿನ ಶಾಸನದಲ್ಲಿ ರವಿಕೀರ್ತಿಯು ಕಾಳಿದಾಸನೊಡನೆ ಭಾರವಿಯನ್ನೂ ಹೆಸರಿಸಿದ್ದಾನೆ. ಮುಂದೆ ಚಾಲುಕ್ಯ ದೊರೆ ಸತ್ಯಾಶ್ರಯನ ಆಶ್ರಯದಲ್ಲಿದ್ದ ಜೈನಕವಿ ರನ್ನನು ಅದೇ ಭೀಮನನ್ನು ನಾಯಕನನ್ನಾಗಿಸಿ, ತನ್ನ ಗದಾಯುದ್ಧಕಾವ್ಯವನ್ನು ‘ಸಾಹಸಭೀಮವಿಜಯ’ವೆಂದು ಕರೆದನು. ಭೀಮನಿಗೆ ಎಚ್ಚರಿಕೆಯಾಗಿದ್ದ ಮಾತು ಅವನಿಗೇ ಬಿರುದಾಯಿತು! ರಾಜಾಸ್ಥಾನದ ವೀರಗುಣಪ್ರಶಂಸೆಯಲ್ಲಿ ಪದದ ಹಳೆಯ ದೋಷ ಮರೆಯಾಯಿತು.

ಜೈನಶಾಸ್ತ್ರವಾದರೋ ಮೂಲದ ಎಚ್ಚರವನ್ನು ಬಿಡಲಿಲ್ಲ. ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ, ಕರ್ಮಾಸ್ರವಕ್ಕೆ ಆಧಾರವಾಗುವ ನಿಕ್ಷೇಪವನ್ನು ನಾಲ್ಕು ವಿಧವಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ‘ಸಹಸಾನಿಕ್ಷೇಪ’ವೂ ಒಂದು, ವಸ್ತುವನ್ನು ಆತುರದಿಂದ ಇಡುವುದೆಂದು ಇದರ ಅರ್ಥ. ಶ್ವೇತಾಂಬರ ಆಗಮವು ‘ಸಹಸಾ ಅಭ್ಯಾಖ್ಯಾನ’ವನ್ನು, ಎಂದರೆ ವಿಚಾರಿಸದೆ ಒಬ್ಬರ ಮೇಲೆ ದೋಷ ಹೊರಿಸುವುದನ್ನು, ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸುತ್ತದೆ.

ನ್ಯಾಯಶಾಸ್ತ್ರವು ರಕ್ತಪಾತದಲ್ಲಿ, ಕೊಳ್ಳೆಯಲ್ಲಿ ಕಂಡ ಸಾಹಸವನ್ನು ಆಚಾರ್ಯರು ನೆಲಕ್ಕಿಡುವ ಕೊಡದಲ್ಲಿ, ನಾಲಗೆಯಿಂದ ಜಾರುವ ಮಾತಿನಲ್ಲಿ ಕಂಡರು. ಕೊಡದ ಕೆಳಗೆ ಸಿಲುಕಿದ ಇರುವೆಗೆ ಇಟ್ಟವನ ಸದುದ್ದೇಶದಿಂದ ಪ್ರಯೋಜನವಿಲ್ಲ. ಸಭೆಯಲ್ಲಿ ಕಳಂಕ ಹೊತ್ತ ನಿರಪರಾಧಿಗೆ ಆಡಿದವನ ಪಶ್ಚಾತ್ತಾಪದಿಂದ ಹೋದ ಮಾನ ಮರಳುವುದಿಲ್ಲ. ಹಾಗೆಂದು ಶಾಸ್ತ್ರವು ಧೈರ್ಯವನ್ನು ನಿಷೇಧಿಸುವುದಿಲ್ಲ. ಉಪಸರ್ಗಗಳನ್ನು ಸಹಿಸುವ ಮುನಿಗಿಂತ ಧೀರರಾರು? ನೋಡಿ, ವಿಚಾರಿಸಿ ಮುಂದಡಿಯಿಡುವುದು ಧೈರ್ಯ. ನೋಡದೆ ಅಡಿಯಿಡುವುದು ಸಾಹಸ. ಎರಡರ ನಡುವಿನ ಅಂತರ ಒಂದು ಕ್ಷಣದ ವಿವೇಕವಷ್ಟೇ.