ಖುಷಿಗೆ ಕೊಟ್ಟದ್ದು ಕೂಲಿಯಲ್ಲ: ಆಯದಿಂದ ಆ್ಯಪಿನವರೆಗೆ

2025ರ ಮೊಹರಂ ಹಬ್ಬಕ್ಕೆ ನಮ್ಮ ದೊಡ್ಡವ್ವನ ಮಗ ಬೆಂಗಳೂರಿನಿಂದ ಕಿನ್ನಾಳಕ್ಕೆ ಬಂದಿದ್ದ. ಅಲ್ಲಿ ಅವನು ಆಟೋ ಓಡಿಸುತ್ತಾನೆ. ಕಟ್ಟೆಯ ಮೇಲೆ ಕೂತು ಕೈಯಾಗಿನ ಫೋನು ನಮಗೆ ತೋರಿಸಿದ. ಗಿರಾಕಿ ಎಲ್ಲಿಂದ ಎಲ್ಲಿಗೆ ಹೋಗಬೇಕು, ಬಾಡಿಗೆ ಎಷ್ಟು, ಎಲ್ಲ ಅದರಲ್ಲಿ ಬರುತ್ತದೆ. ಬಾಡಿಗೆಯ ಜೊತೆಗೆ ಗಿರಾಕಿ ಮೇಲೆ ಕೊಡಲು ಒಪ್ಪಿದ ಹತ್ತೋ ಇಪ್ಪತ್ತೋ ರೂಪಾಯಿಯೂ ಬರುತ್ತದೆ. ಅದಕ್ಕೆ ಟಿಪ್ಸು ಅನ್ನುತ್ತಾರೆ. ಪಕ್ಕದಲ್ಲಿ ಕೂತಿದ್ದ ನಮ್ಮ ಅಮ್ಮ, ಅಂದರೆ ಅವ್ವನ ಅವ್ವ, ಕೇಳಿದಳು:

"ತಮ್ಮಾ, ಆ ಮ್ಯಾಲಿನ ರೊಕ್ಕ ಯಾಕ ಕೊಡ್ತಾರ?"

"ಅವರ ಖುಷಿ ಯಮ್ಮಾ."

"ಕೊಡಲಿಲ್ಲಂದ್ರ?"

"ಕೊಡಲಿಲ್ಲಂದ್ರ ಇಲ್ಲ. ಆದ್ರ ಬರೇ ಬಾಡಿಗ್ಯಾಗ ಏನೂ ಗಿಟ್ಟೂದಿಲ್ಲ."

"ಹಂಗಂದ್ರ ಅದು ಆಯ ಅನ್ನು" ಅಂದಳು ಮುದುಕಿ.

ಮನೆತನದಲ್ಲಿ ಮೊದಲ ಬಾರಿಗೆ ಪದವಿ ಓದಿದವರು ನಾವು. ನಮಗೆ ಹೊಳೆಯದ ಮಾತನ್ನು ಸಾಲಿಯ ಮುಖ ನೋಡದ ಮುದುಕಿ ಆಡಿದ್ದಳು. ಅಂದಿನಿಂದ ಅದು ನಮ್ಮ ತಲೆಯಲ್ಲಿ ಕೂತಿದೆ. ಈ ಬರಹ ಆ ಮಾತಿನ ಬೆನ್ನು ಹತ್ತಿ ಹೋದದ್ದು.

ಆಯ ಅಂದರೇನು ಎಂದು ಇವತ್ತಿನ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗುತ್ತದೆ. ಊರಿಗೆ ಹನ್ನೆರಡು ಮಂದಿ ಆಯಗಾರರು. ಬಡಿಗ, ಕಮ್ಮಾರ, ಕುಂಬಾರ, ಅಗಸ ಹೀಗೆ. ವರ್ಷವಿಡೀ ಊರಿನ ಕೆಲಸ ಮಾಡಬೇಕು, ಸುಗ್ಗಿಯಲ್ಲಿ ರಾಶಿಯಾದಾಗ ಕಣದಲ್ಲಿ ಕಾಳು ಪಡೆಯಬೇಕು. ಇದನ್ನು ಸ್ವಾವಲಂಬಿ ಗ್ರಾಮ, ಪರಸ್ಪರ ಸಹಕಾರ ಎಂದು ಪುಸ್ತಕ ಬರೆದವರು ಹೊಗಳಿದ್ದಾರೆ. ಹೊಗಳಿದವರು ಕಣದ ನಡುವೆ ನಿಂತು ನೋಡಿದವರು. ನಮ್ಮ ಕೇರಿಯವರು ನಿಂತದ್ದು ಕಣದ ಅಂಚಿನಲ್ಲಿ. ಸತ್ತ ದನ ಎಳೆದವರು, ಹಲಗೆ ಬಾರಿಸಿದವರು, ಸಾವಿನ ಸುದ್ದಿ ಹೊತ್ತು ಊರೂರು ತಿರುಗಿದವರು, ಚಾವಡಿ ಕಾಯ್ದವರು, ಮಿಣಿ ಬಾರುಕೋಲು ಮಾಡಿಕೊಟ್ಟವರು ಕೊನೆಗೆ ಉಡಿ ಒಡ್ಡಿ ನಿಲ್ಲಬೇಕಿತ್ತು. ಪಾಲು ಇಷ್ಟು ಎಂದು ವಾಡಿಕೆ ಇತ್ತು, ನಿಜ. ಆದರೆ ಅಳೆಯುವ ಕೈ ಯಾರದು? ಮಳೆ ಕೈಕೊಟ್ಟರೆ, ಧಣಿಗೆ ಸಿಟ್ಟು ಬಂದರೆ, ಹುಡುಗ ಎದುರು ಮಾತಾಡಿದರೆ, ಸೇರು ಅರ್ಧ ಸೇರಾಗುತ್ತಿತ್ತು. ಕೇಳಲು ಕಚೇರಿ ಇಲ್ಲ, ಬರೆದ ಕಾಗದ ಇಲ್ಲ. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಬರಬೇಕು.

ಇದರ ಒಡಹುಟ್ಟು ಬಿಟ್ಟಿ. ನಮ್ಮ ಶಾಸನಗಳಲ್ಲಿ ಕಾಣುವ ಈ ಮಾತು ಸಂಸ್ಕೃತದ ವಿಷ್ಟಿಯಿಂದ ಬಂದದ್ದು. ನಿಜಾಮನ ಸೀಮೆಯಲ್ಲಿ ಬೇಗಾರ ಎಂದೂ ವೆಟ್ಟಿ ಎಂದೂ ಕರೆದರು. ಕೊಪ್ಪಳ ಆಗ ಸಾಲಾರ್ ಜಂಗರ ಜಾಗೀರು. ಮೇಲೆ ನಿಜಾಮ, ನಡುವೆ ಜಾಗೀರದಾರ, ಕೆಳಗೆ ಗೌಡ ಕುಲಕರ್ಣಿ. ಈ ಮೂರು ಕಲ್ಲುಗಳ ಅಡಿಗೆ ನಮ್ಮ ಕೇರಿ. ಅಧಿಕಾರಿ ಸವಾರಿ ಬಂದರೆ ಅವನ ಹಾಸಿಗೆ, ಪೆಟ್ಟಿಗೆ, ಪಾತ್ರೆ ಹೊತ್ತು ಮುಂದಿನ ಊರಿನ ಗಡಿ ಮುಟ್ಟಿಸುವುದು ಕೇರಿಯ ಗಂಡಸರ ಪಾಲಿನ ಬೇಗಾರ. ನಮ್ಮ ಜನ ಮಾಡಿದ ಮೊದಲ ಸಾರಿಗೆ ಕೆಲಸ ಅದೇ. ಅದಕ್ಕೆ ಮೀಟರ್ ಇರಲಿಲ್ಲ. ಸಾಹೇಬನಿಗೆ ಖುಷಿಯಾದರೆ ಒಂದು ಬಿಲ್ಲೆ ಎಸೆಯುತ್ತಿದ್ದ, ಅದು ಬಕ್ಷೀಸು. ಈ ಶಬ್ದ ಫಾರ್ಸಿಯದು, ಆಳುವವರ ಬಾಯಿಂದ ಇಳಿದು ಬಂದದ್ದು. ಅದೇ ಬಾಯಿಂದ ಇನಾಮು ಎಂಬ ಇನ್ನೊಂದು ಶಬ್ದವೂ ಬಂತು. ದೊಡ್ಡವರಿಗೆ ಸಿಕ್ಕ ಇನಾಮು ಹೆಚ್ಚಾಗಿ ಭೂಮಿಯಾಯಿತು, ತಲೆಮಾರಿಗೆ ಉಳಿಯಿತು. ಹೊತ್ತವನ ಬಕ್ಷೀಸು ಸಂಜೆಗೇ ಕರಗಿತು.

ಬಾಬಾಸಾಹೇಬರು ಈ ಮರ್ಮವನ್ನು ಬೇಗ ಹಿಡಿದರು. 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಮಹಾರ್ ವತನದ ಕಾನೂನು ತಿದ್ದಲು ಮಸೂದೆ ತಂದರು. ಮಹಾರರು ಸರ್ಕಾರದ ಕೆಲಸ ಮಾಡುತ್ತಿದ್ದರು, ಆದರೆ ಹೊಟ್ಟೆಗೆ ರೈತರ ಮನೆ ಬಾಗಿಲಲ್ಲಿ ಬಲುತೆಯ ಕಾಳಿಗೆ ಕಾಯಬೇಕಿತ್ತು. ಕೆಲಸ ತೆಗೆದುಕೊಳ್ಳುವವನು ಒಬ್ಬ, ಕೊಡುವವನು ಇನ್ನೊಬ್ಬ. ನಡುವೆ ದುಡಿದವನು ಭಿಕ್ಷುಕ! ಈ ಸೂತ್ರವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಬೇಕಾಗುತ್ತದೆ.

1948ರಲ್ಲಿ ನಿಜಾಮನ ಆಳ್ವಿಕೆ ಹೋಯಿತು, 1949ರಲ್ಲಿ ಜಾಗೀರುಗಳು ಹೋದವು. 1950ರ ಸಂವಿಧಾನ ತನ್ನ 23ನೇ ವಿಧಿಯಲ್ಲಿ ಬೇಗಾರನ್ನು ನಿಷೇಧಿಸಿತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಪರಂಪರೆಯ ಹುದ್ದೆಗಳನ್ನು ತೆಗೆಯಿತು. 1976ರಲ್ಲಿ ಜೀತ ನಿಷೇಧದ ಕಾಯ್ದೆ. ಕಾಗದದ ಮೇಲೆ ಎಲ್ಲ ಮುಗಿದಂತೆ. ಆದರೆ ಖುಷಿಗೆ ಕೊಡುವ ಪದ್ಧತಿ ಸಾಯಲಿಲ್ಲ, ವೇಷ ಬದಲಿಸಿತು.

ನಮ್ಮಲ್ಲಿ ಮಾತ್ರ ಹೀಗೆ ಎಂದು ತಿಳಿಯಬೇಡಿ. ಅಮೆರಿಕದಲ್ಲಿ ಗುಲಾಮಗಿರಿ ಹೋದ ಮೇಲೆ ಪುಲ್‌ಮನ್ ಎಂಬ ಧಣಿ ರೈಲಿನಲ್ಲಿ ಮಲಗುವ ಡಬ್ಬಿಗಳನ್ನು ಓಡಿಸಿದ. ಹಾಸಿಗೆ ಹಾಸಲು, ಬೂಟು ಒರೆಸಲು, ಪೆಟ್ಟಿಗೆ ಹೊರಲು ಬಿಡುಗಡೆಯಾದ ಕಪ್ಪು ಜನರನ್ನು ಇಟ್ಟುಕೊಂಡ. ಸಂಬಳ ತೀರಾ ಕಡಿಮೆ. ಉಳಿದದ್ದನ್ನು ಪ್ರಯಾಣಿಕರ ಟಿಪ್ಸಿನಲ್ಲಿ ತುಂಬಿಕೊಳ್ಳಬೇಕು. ನಗಬೇಕು, ಬಾಗಬೇಕು. ಬಿಳಿಯರು ಅವರನ್ನು ಅವರ ಹೆಸರಿನಿಂದ ಕರೆಯಲಿಲ್ಲ. ಧಣಿಯ ಹೆಸರು ಜಾರ್ಜ್, ಆದ್ದರಿಂದ ಎಲ್ಲರೂ ಜಾರ್ಜ್. ನಮ್ಮ ಅಜ್ಜಂದಿರನ್ನು 'ಏ ಇವನ' ಎಂದು ಕರೆದ ಊರಿನವರಾದ ನಮಗೆ ಇದು ತಿಳಿಯುತ್ತದೆ. 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಮುಂದಾಳುತನದಲ್ಲಿ ಆ ಹಮಾಲರು ಸಂಘ ಕಟ್ಟಿದರು. ಹನ್ನೆರಡು ವರ್ಷ ಗುದ್ದಾಡಿ 1937ರಲ್ಲಿ ಕಂಪನಿಯಿಂದ ಒಪ್ಪಂದ ಬರೆಸಿಕೊಂಡರು. ತಿಂಗಳಿಗೆ 400 ತಾಸಿನ ದುಡಿಮೆ 240ಕ್ಕೆ ಇಳಿಯಿತು, ಸಂಬಳ ಏರಿತು. ಅದರ ಮರುವರ್ಷ, 1938ರಲ್ಲಿ, ಮನ್ಮಾಡದಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಸಮಾವೇಶದಲ್ಲಿ ಬಾಬಾಸಾಹೇಬರು ದುಡಿಯುವವರಿಗೆ ಎರಡು ವೈರಿಗಳು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎಂದರು. ಆ ಎರಡೂ ದೇಶಗಳಲ್ಲಿ ಮಾತೆದ್ದದ್ದು ಗಾಡಿ ಓಡುವ ಜಾಗದಲ್ಲಿ ಎಂಬುದನ್ನು ಗಮನಿಸಿ. ಇಂದಿಗೂ ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಟಿಪ್ಸು ಪಡೆಯುವ ಕೆಲಸಗಾರನಿಗೆ ಮಾಲೀಕ ಕೊಡಬೇಕಾದ ಕನಿಷ್ಠ ಕೂಲಿ ತಾಸಿಗೆ 2.13 ಡಾಲರ್. 1991ರಿಂದ ಅದು ಅಲುಗಿಲ್ಲ. ಟಿಪ್ಸು ಬಂದ ಕಡೆ ಕೂಲಿ ಬೆಳೆಯುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಈಗ ನಮ್ಮ ಹುಡುಗರ ಕತೆಗೆ ಬರೋಣ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಜನಕ್ಕೆ ಗುಳೆ ಹೊಸದಲ್ಲ. ಮಳೆ ಹೋದರೆ ಮನೆಗೆ ಬೀಗ, ಮುದುಕರು ಊರಲ್ಲಿ, ದುಡಿಯುವವರು ಬೆಂಗಳೂರು, ಗೋವಾ, ಮಂಗಳೂರಿಗೆ. ಹಸಿವೊಂದೇ ಕಾರಣವಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ಕ್ಷೌರದಂಗಡಿ, ಹೋಟೆಲುಗಳಿಗೆ ಪ್ರವೇಶ ಕೇಳಿದ ದಲಿತರ ಮೇಲೆ ದಾಳಿ ನಡೆದು ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇಂಥ ಊರುಗಳ ಹುಡುಗನಿಗೆ ಪಟ್ಟಣದ ಸ್ಟೇರಿಂಗು ಬರೇ ಕೂಲಿಯಲ್ಲ, ಉಸಿರು. ಹಿಂದೆ ಕೂತವನು ಜಾತಿ ಕೇಳದೆ ಹತ್ತುತ್ತಾನೆ, ಹಣ ಕೊಟ್ಟು ಇಳಿಯುತ್ತಾನೆ ಎಂಬ ಆಸೆ.

ಆ ಆಸೆಯನ್ನು ಬಂಡವಾಳ ಚೆನ್ನಾಗಿ ಬಲ್ಲದು. 2010ರಲ್ಲಿ ಓಲಾ ಹುಟ್ಟಿತು, 2013ರಲ್ಲಿ ಊಬರ್ ಬೆಂಗಳೂರಿಗೆ ಬಂತು. ಮೊದಮೊದಲು ಬಾಡಿಗೆಗಿಂತ ಪ್ರೋತ್ಸಾಹಧನವೇ ಜೋರು. ಅದನ್ನು ನೋಡಿ ನಮ್ಮವರು ಸಾಲ ಮಾಡಿ ಕಾರು ಕೊಂಡರು. ಗಾಡಿಗಳು ಬೀದಿ ತುಂಬಿದ ಮೇಲೆ ಪ್ರೋತ್ಸಾಹಧನ ಇಳಿಯಿತು, ಕಂತು ಇಳಿಯಲಿಲ್ಲ. 2017ರ ಫೆಬ್ರುವರಿಯಲ್ಲಿ ಬೆಂಗಳೂರಿನ ಚಾಲಕರು ಗಾಡಿ ನಿಲ್ಲಿಸಿ ಬೀದಿಗಿಳಿದರು. ಪ್ರೋತ್ಸಾಹಧನವೂ ಬಕ್ಷೀಸೇ ಎಂದು ಅವರಿಗೆ ಅಷ್ಟರಲ್ಲಿ ಅರ್ಥವಾಗಿತ್ತು: ಕೊಟ್ಟ ಕೈ ಯಾವಾಗ ಬೇಕಾದರೂ ಹಿಂದಕ್ಕೆ ಹೋಗಬಹುದು.

ಆಟೋದ ಕತೆ ಬೇರೆ ದಾರಿಯಲ್ಲಿ ಅಲ್ಲಿಗೇ ಬಂತು. ಮೀಟರಿನ ಕನಿಷ್ಠ ದರ 30 ರೂಪಾಯಿ ಇದ್ದಾಗ ಆ್ಯಪುಗಳು 100 ರೂಪಾಯಿ ವಸೂಲಿ ಮಾಡುತ್ತಿವೆ ಎಂಬ ದೂರೆದ್ದು, 2022ರ ಅಕ್ಟೋಬರಿನಲ್ಲಿ ಸಾರಿಗೆ ಇಲಾಖೆ ಆ್ಯಪಿನ ಆಟೋಗಳನ್ನು ನಿಲ್ಲಿಸಲು ಹೇಳಿತು. ಮರುತಿಂಗಳು ದರದ ಮೇಲೆ ಶೇ. 5 ಸೇವಾ ಶುಲ್ಕ ಮತ್ತು ಜಿಎಸ್‌ಟಿ ಎಂದು ಗೊತ್ತುಮಾಡಿತು. ಅದೇ ನವೆಂಬರಿನಲ್ಲಿ ಆಟೋ ಚಾಲಕರ ಸಂಘದ ಜೊತೆಗೂಡಿ 'ನಮ್ಮ ಯಾತ್ರಿ' ಬಂತು. ಕಮಿಷನ್ ಇಲ್ಲ ಅಂದಿತು, ಆಮೇಲೆ ದಿನಕ್ಕೆ 25 ರೂಪಾಯಿ ಚಂದಾ ಇಟ್ಟಿತು. 2025ರ ಫೆಬ್ರುವರಿಯಲ್ಲಿ ಊಬರ್ ಕೂಡ ಆಟೋಗೆ ಚಂದಾ ಪದ್ಧತಿ ಹಿಡಿಯಿತು. ಕಮಿಷನ್ ಹೋದದ್ದು ಚಾಲಕರ ಗೆಲುವೇ. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಸರ್ಕಾರದ ಆಟೋ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಲೆಕ್ಕ ಹಾಕಿ: 5 ಕಿಲೋಮೀಟರಿಗೆ 90 ರೂಪಾಯಿ. ಆದರೆ ಗಿರಾಕಿಯ ಮನೆ ಬಾಗಿಲಿಗೆ ಹೋಗಲು ಖಾಲಿ ಓಡಿದ 2 ಕಿಲೋಮೀಟರಿಗೆ ಎಷ್ಟು? ಸೊನ್ನೆ. ವಾಪಸು ಖಾಲಿ ಬಂದರೆ? ಸೊನ್ನೆ. ಗ್ಯಾಸು, ಆಟೋ ಮಾಲೀಕನ ದಿನದ ಬಾಡಿಗೆ, ಪೊಲೀಸರ ದಂಡ, ಎಲ್ಲ ಆ 90ರಲ್ಲೇ.

ಈ ಸೊನ್ನೆಯ ಜಾಗದಲ್ಲಿ ಟಿಪ್ಸು ಹುಟ್ಟಿತು. ಸವಾರಿ ಮುಗಿದ ಮೇಲಲ್ಲ, ಶುರುವಾಗುವ ಮೊದಲೇ. ಮೇಲೆ ಇಷ್ಟು ಕೊಟ್ಟರೆ ಗಾಡಿ ಬೇಗ ಸಿಗುತ್ತದೆ ಎಂದು ಆ್ಯಪು ಗಿರಾಕಿಗೆ ಹೇಳಿತು. 2025ರ ಮೇ ತಿಂಗಳಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಊಬರ್‌ಗೆ ನೋಟೀಸು ಕೊಟ್ಟಿತು. ಧಾರವಾಡದ ಸಂಸದರೂ ಗ್ರಾಹಕ ವ್ಯವಹಾರಗಳ ಸಚಿವರೂ ಆದ ಪ್ರಲ್ಹಾದ ಜೋಶಿಯವರು, ಟಿಪ್ಸು ಸೇವೆ ಮುಗಿದ ಮೇಲೆ ಮೆಚ್ಚಿ ಕೊಡುವಂಥದ್ದು, ಹಕ್ಕಲ್ಲ ಎಂಬರ್ಥದಲ್ಲಿ ಮಾತಾಡಿದರು. ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ, ಟಿಪ್ಸು ಪ್ರಯಾಣ ಮುಗಿದ ಮೇಲೆಯೇ ಇರಬೇಕು, ಪೂರ್ತಿ ಚಾಲಕನಿಗೇ ಸಲ್ಲಬೇಕು ಎಂದು ಮಾರ್ಗಸೂಚಿ ತಿದ್ದಿತು.

ನ್ಯಾಯವಾಗಿಯೇ ಕಾಣುತ್ತದೆ. ಗಿರಾಕಿಯನ್ನು ಹಿಂಡುವುದನ್ನು ನಾವೂ ಒಪ್ಪುವುದಿಲ್ಲ. ಆದರೆ ಈ ಗದ್ದಲದಲ್ಲಿ ಕೇಳಿಸಿದ್ದು ಗಿರಾಕಿಯ ನೋವು ಮಾತ್ರ. ಖಾಲಿ ಓಡಿದ ಆ 2 ಕಿಲೋಮೀಟರಿನ ಕೂಲಿ ಯಾರು ಕೊಡಬೇಕು ಎಂದು ಕೇಳಿದ ದನಿ ಬಲು ಸಣ್ಣದು. ನಮ್ಮ ಅಣ್ಣನನ್ನೇ ಕೇಳಿದೆವು. "ಟಿಪ್ಸ್ ತಗದ್ರ ನಮಗ ಲುಕ್ಸಾನ. ಇಟ್ರ ಮರ್ಯಾದಿ ಲುಕ್ಸಾನ. ಯಾವದು ಬೇಕಂತ ನೀವ ಹೇಳ್ರಿ, ಓದಿದವ್ರು" ಅಂದ. ನಮ್ಮ ಹತ್ತಿರ ತಟ್ಟನೆ ಉತ್ತರ ಇರಲಿಲ್ಲ.

ಬಾಬಾಸಾಹೇಬರು ತೋರಿಸಿದ ಆ ಸೂತ್ರವನ್ನು ಇಲ್ಲಿಟ್ಟು ನೋಡಿ. ಕೆಲಸ ಹಂಚುವವನು ಒಬ್ಬ, ಕೊಡುವವನು ಇನ್ನೊಬ್ಬ, ನಡುವೆ ದುಡಿದವನು ಉಡಿ ಒಡ್ಡಿ ನಿಂತಿದ್ದಾನೆ. ಕಣದ ಬದಲು ಗಾಜಿನ ಪರದೆ. ಗೌಡನ ಹುಬ್ಬಿನ ಬದಲು ಐದು ನಕ್ಷತ್ರ. ಗಿರಾಕಿ ಮುನಿದು ಒಂದು ನಕ್ಷತ್ರ ಒತ್ತಿದರೆ ಚಾಲಕನಿಗೆ ನಡುಕ. ಚಾಲಕನ ಹೆಸರು ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ, ಅಳೆಯುವ ಕೈ ಮಾತ್ರ ಯಾರಿಗೂ ಕಾಣುವುದಿಲ್ಲ.

ನಮ್ಮ ಊರು ಬಣ್ಣದ ಗೊಂಬೆಗೆ ಹೆಸರಾದದ್ದು. ಗೊಂಬೆ ಮಾಡುವ ಚಿತ್ರಗಾರರು ಬೆಲೆ ಹೇಳುತ್ತಾರೆ. ಚೌಕಾಸಿ ನಡೆಯುತ್ತದೆ, ಜಗಳವೂ ನಡೆಯುತ್ತದೆ. ಆದರೆ 'ನಿಮಗೆ ಖುಷಿಯಾದಷ್ಟು ಕೊಡಿ' ಎಂದು ಗೊಂಬೆ ಮಾರುವುದಿಲ್ಲ. ಮರಕ್ಕೆ, ಬಣ್ಣಕ್ಕೆ, ಕೈಗೆ ಬೆಲೆ ಇದೆ. ಮನುಷ್ಯನನ್ನು ಮನೆ ಮುಟ್ಟಿಸುವ ಕೈಗೆ ಯಾಕಿಲ್ಲ?

ದಾರಿಗಳು ತೆರೆದಿವೆ. 2021ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಊಬರ್ ಚಾಲಕರನ್ನು ಕಾರ್ಮಿಕರು ಎಂದು ಒಪ್ಪಿತು. ಅವರಿಗೆ ಕನಿಷ್ಠ ಕೂಲಿಯ ಹಕ್ಕು ಬಂತು. ಕರ್ನಾಟಕವೂ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ. ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಕಂಪನಿಗಳಿಂದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಅದಕ್ಕೊಂದು ಮಂಡಳಿ, ಕೆಲಸದಿಂದ ತೆಗೆಯುವ ಮೊದಲು 14 ದಿನದ ನೋಟೀಸು. ಒಳ್ಳೆಯದೇ. ಆದರೆ ಕಲ್ಯಾಣ ಬೇರೆ, ಕೂಲಿ ಬೇರೆ. ಖಾಲಿ ಓಟ, ಕಾಯುವ ಹೊತ್ತು, ರಾತ್ರಿಯ ದುಡಿಮೆ ದರದ ಒಳಗೇ ಬರಬೇಕು. ಆ ದರ ಹಾಕುವ ಮೇಜಿನ ಮುಂದೆ ಚಾಲಕರ ಸಂಘ ಕೂತಿರಬೇಕು. ಅಷ್ಟಾದ ಮೇಲೆ ಯಾರಾದರೂ ಪ್ರೀತಿಯಿಂದ ಚಹಾದ ರೊಕ್ಕ ಕೊಟ್ಟರೆ ತಗೊಳ್ಳಲಿ, ಬಿಟ್ಟರೆ ಬಿಡಲಿ.

ಕೊನೆಗೆ ನಮ್ಮ ಮೇಲೆಯೇ ಒಂದು ದೂರು. ಫ್ರೀಡಂ ಪಾರ್ಕಿನ ಧರಣಿಗೆ ಹೋಗುವಾಗ ಮೆಜೆಸ್ಟಿಕ್ಕಿನಲ್ಲಿ ಆಟೋದವನ ಜೊತೆ ಹತ್ತು ರೂಪಾಯಿಗೆ ಜಗಳಾಡಿ, ಆಮೇಲೆ ವೇದಿಕೆ ಹತ್ತಿ ದುಡಿಯುವ ಜನರ ಬಗ್ಗೆ ಕವಿತೆ ಓದಿದವರು ನಾವು. ಚಾಲಕನನ್ನು ಕಳ್ಳ ಎಂದು ಬೈದು, ಇನ್ನೊಂದು ದಿನ ಉದಾರಿಯಂತೆ ಇಪ್ಪತ್ತು ಹೆಚ್ಚು ಕೊಟ್ಟು ಹಗುರಾದವರೂ ನಾವೇ. ಎರಡರಲ್ಲೂ ಅವನ ಕೂಲಿಯ ಲೆಕ್ಕ ಕೇಳಲಿಲ್ಲ.

ಹಬ್ಬ ಮುಗಿಸಿ ಅಣ್ಣ ಬಸ್ಸು ಹತ್ತುವಾಗ ಅಮ್ಮ ರೊಟ್ಟಿ ಬುತ್ತಿ ಕಟ್ಟಿಕೊಟ್ಟು ಹೇಳಿದಳು: "ಆಯ ಉಡಿ ಒಡ್ಡಿ ಇಸಗೊಳ್ಳೂದು ತಮ್ಮಾ. ಕೂಲಿ ಕೇಳಿ ಇಸಗೊಳ್ಳೂದು. ನೀ ಒಬ್ಬನ ಕೇಳಬ್ಯಾಡ, ನಿಮ್ಮ ಮಂದೀನ ಕರಕೊಂಡು ಕೇಳು."