ಷೇರು ವಹಿವಾಟು: ವ್ಯಾಪಾರ ಆದಾಯವಾಗಿ
ವ್ಯಕ್ತಿಯೊಬ್ಬ ಸ್ವಂತಕ್ಕಾಗಿ ನಡೆಸುವ ಷೇರು ಖರೀದಿ, ಮಾರಾಟವು ಹೂಡಿಕೆಯ ಮಿತಿ ದಾಟಿ, ಭಾರತದ ಆದಾಯ ತೆರಿಗೆ ಕಾನೂನಿನಲ್ಲಿ ವ್ಯಾಪಾರವೆನಿಸಿಕೊಳ್ಳುವ ಸ್ಥಿತಿ. 1961ರ ಆದಾಯ ತೆರಿಗೆ ಕಾಯ್ದೆಯ 2(13)ನೇ ಕಲಮು ವ್ಯಾಪಾರದ ಸ್ವರೂಪವುಳ್ಳ ಯಾವುದೇ ಸಾಹಸವನ್ನೂ ‘ವ್ಯಾಪಾರ’ದೊಳಗೆ ಸೇರಿಸಿತು, ಹೀಗಾಗಿ ಅಂಗಡಿ, ಬೋರ್ಡು ಇಲ್ಲದವನಿಗೂ ಈ ಪ್ರಶ್ನೆ ಎದುರಾಗುತ್ತದೆ. ನಿರ್ಣಾಯಕವಾದ ಒಂದೇ ಅಳತೆಗೋಲಿಲ್ಲ. ಕೊಳ್ಳುವಾಗಿನ ಉದ್ದೇಶ, ವಹಿವಾಟಿನ ಪ್ರಮಾಣ, ಷೇರು ಕೈಯಲ್ಲಿದ್ದ ಅವಧಿ, ಸಾಲದ ಹಣದ ಬಳಕೆ, ಲೆಕ್ಕಪುಸ್ತಕದಲ್ಲಿ ಬರೆದ ಬಗೆ ಇವನ್ನೆಲ್ಲ ಒಟ್ಟಾಗಿ ತೂಗಲಾಗುತ್ತದೆ. ಒಬ್ಬನೇ ವ್ಯಕ್ತಿ ಹೂಡಿಕೆಯ ಷೇರುಗಳನ್ನೂ ವ್ಯಾಪಾರದ ಷೇರುಗಳನ್ನೂ ಪ್ರತ್ಯೇಕವಾಗಿ ಹೊಂದಿರಬಹುದೆಂದು ಕೇಂದ್ರ ನೇರ ತೆರಿಗೆ ಮಂಡಳಿಯ 2007ರ ಸುತ್ತೋಲೆ ಒಪ್ಪಿತು. ಸಣ್ಣ ಹೂಡಿಕೆದಾರರಿಗೆ ನಿಜವಾದ ಆಸರೆಯಾದದ್ದು 2016ರ ಫೆಬ್ರವರಿ 29ರ ಸುತ್ತೋಲೆ: ನೋಂದಾಯಿತ ಷೇರನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದವರು ಅದನ್ನು ಬಂಡವಾಳ ಲಾಭವೆಂದು ತೋರಿಸಿದರೆ ಅಧಿಕಾರಿ ತಕರಾರು ತೆಗೆಯುವಂತಿಲ್ಲ, ಆದರೆ ಮುಂದಿನ ವರ್ಷಗಳಲ್ಲಿ ನಿಲುವು ಬದಲಿಸುವಂತಿಲ್ಲ.

ಬೆಳಿಗ್ಗೆ ಕೊಂಡ ಷೇರನ್ನು, ಅದು ಡಿಮ್ಯಾಟ್ ಖಾತೆಗೆ ಬರುವ ಮೊದಲೇ, ಮಧ್ಯಾಹ್ನ ಮಾರಿ ಮುಗಿಸುವ ವ್ಯವಹಾರ ಸಟ್ಟಾ ವ್ಯಾಪಾರವೆನಿಸುತ್ತದೆ. ಅದರ ನಷ್ಟವನ್ನು ಸಟ್ಟಾ ಲಾಭದಲ್ಲಿ ಮಾತ್ರ ಕಳೆಯಬಹುದು. ಮುಂದಕ್ಕೆ ಒಯ್ಯಲು 4 ವರ್ಷ ಅವಕಾಶ. ಮಾನ್ಯತೆ ಪಡೆದ ವಿನಿಮಯ ಕೇಂದ್ರಗಳಲ್ಲಿನ ಷೇರು ಫ್ಯೂಚರ್ಸ್, ಆಪ್ಷನ್ಸ್ ಸಟ್ಟಾ ಅಲ್ಲದ ವ್ಯಾಪಾರ. ಅವುಗಳ ನಷ್ಟಕ್ಕೆ 8 ವರ್ಷ.

ವ್ಯಾಪಾರವೆಂದಾದರೆ ಲಾಭಕ್ಕೆ ಸ್ಲ್ಯಾಬ್ ದರ ಅನ್ವಯಿಸುತ್ತದೆ. ಬ್ರೋಕರೇಜ್, ಸಾಲದ ಬಡ್ಡಿಯ ಜೊತೆಗೆ ಬಂಡವಾಳ ಲಾಭದಲ್ಲಿ ಕಳೆಯಲಾಗದ ಷೇರು ವಹಿವಾಟು ತೆರಿಗೆಯನ್ನೂ ಖರ್ಚಿಗೆ ಹಾಕಬಹುದು.