ಇಪ್ಪತ್ತು ಡಿಗ್ರಿಯ ತಾಮ್ರ, ಟಾಲಿಗಂಜ್‌ನ ಬೇಸಿಗೆ

ಟಾಲಿಗಂಜ್ ಎಂದರೆ ಬಂಗಾಳಿಗಳಿಗೆ ಮೊದಲು ನೆನಪಾಗುವುದು ಸಿನಿಮಾ. ‘ಟಾಲಿವುಡ್’ ಎಂಬ ಹೆಸರು ಮೊದಲಿಗೆ ತೆಲುಗಿನವರದ್ದಲ್ಲ, ಕೋಲ್ಕತ್ತದ ದಕ್ಷಿಣ ಅಂಚಿನ ಈ ಬಡಾವಣೆಯದ್ದು. 1932ರಲ್ಲಿ ವಿಲ್ಫರ್ಡ್ ಡೆಮಿಂಗ್ ಎಂಬ ಅಮೆರಿಕನ್ ಸೌಂಡ್ ಎಂಜಿನಿಯರ್ ಪತ್ರಿಕೆಯೊಂದಕ್ಕೆ ಬರೆಯುತ್ತಾ ಅದನ್ನು ಬಳಸಿದ. ಆದರೆ ಸ್ಟುಡಿಯೋಗಳಿಗಿಂತ ಮೊದಲೇ ಇಲ್ಲಿಗೆ ಎಲೆಕ್ಟ್ರಿಕ್ ಟ್ರಾಮ್ ಬಂದಿತ್ತು. ನಾನು ಹೇಳಹೊರಟಿರುವುದು ಆ ಟ್ರಾಮಿನ ಹಳಿಯಿಂದ ಶುರುವಾಗುವ ಕತೆ.

ಕೋಲ್ಕತ್ತದ ಮೊದಲ ಎಲೆಕ್ಟ್ರಿಕ್ ಟ್ರಾಮ್ ಓಡಿದ್ದು 1902ರ ಮಾರ್ಚ್ 27ರಂದು, ಎಸ್ಪ್ಲನೇಡ್‌ನಿಂದ ಖಿದಿರ್‌ಪುರಕ್ಕೆ. ಕೆಲವೇ ವರ್ಷಗಳಲ್ಲಿ ಕಾಳಿಘಾಟ್ ದಾಟಿ ಟಾಲಿಗಂಜ್‌ವರೆಗೂ ತಂತಿ ಎಳೆದರು. ಅದೇ 1902ರ ಜೂನ್ ಕೊನೆಯಲ್ಲಿ ನಮ್ಮ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ಹಾದು ಕೋಲಾರದ ಚಿನ್ನದ ಗಣಿ ಸೇರಿತು ಎಂಬುದು ಕನ್ನಡದವರಿಗೆ ಗೊತ್ತು. ಟ್ರಾಮಿನಲ್ಲಿ ನೋಡಬೇಕಾದದ್ದು ಬೇರೆ. ಮೇಲಿನ ತಂತಿಯಿಂದ ಇಳಿದ ಕರೆಂಟು ಮೋಟಾರು ತಿರುಗಿಸಿ, ಚಕ್ರದ ಮೂಲಕ ಹಳಿಗೆ ಹೋಗಿ, ಹಳಿ ಹಿಡಿದೇ ಸಬ್‌ಸ್ಟೇಷನ್ನಿಗೆ ಹಿಂದಿರುಗಬೇಕು. ಕರೆಂಟು ‘ಹೋಗುತ್ತದೆ’ ಎಂದು ನಾವು ಮಾತಿಗೆ ಹೇಳುತ್ತೇವೆ. ಅದು ಹೋಗುವುದು ಮಾತ್ರವಲ್ಲ, ಮರಳುತ್ತದೆ. ಮರಳುವ ದಾರಿ ಕೆಟ್ಟರೆ ಬೇರೆ ದಾರಿ ಹುಡುಕುತ್ತದೆ. ಬ್ರಿಟನ್ನಿನಲ್ಲಿ ಟ್ರಾಮ್ ಕರೆಂಟು ಹಳಿ ಬಿಟ್ಟು ನೆಲದೊಳಗಿನ ನೀರಿನ, ಗ್ಯಾಸಿನ ಕೊಳವೆಗಳನ್ನು ಹಿಡಿದು ತುಕ್ಕು ಹಿಡಿಸಿದ್ದರಿಂದಲೇ, ಹಳಿಯ ಉದ್ದಕ್ಕೂ ವೋಲ್ಟೇಜಿನ ವ್ಯತ್ಯಾಸ 7 ವೋಲ್ಟ್ ಮೀರಬಾರದು ಎಂಬ ಕಟ್ಟಳೆ ಬಂತು.

ಈಗ ತಂತಿ ಕಡಿದು ಹಳಿಯ ಮೇಲೆ ಬಿತ್ತು ಎಂದುಕೊಳ್ಳಿ. ಸಬ್‌ಸ್ಟೇಷನ್ನಿನ ಬ್ರೇಕರ್ ಬೀಳಬೇಕಾದರೆ ಭಾರಿ ಕರೆಂಟು ಹರಿಯಬೇಕು. ಎಷ್ಟು ಹರಿಯುತ್ತದೆ ಎನ್ನುವುದನ್ನು ಹೋಗುವ ತಂತಿ, ಮರಳುವ ಹಳಿ ಎರಡರ ಒಟ್ಟು ರೋಧ ನಿರ್ಧರಿಸುತ್ತದೆ. ಮನೆಯಲ್ಲೂ ಇದೇ ಲೆಕ್ಕ. ಇಸ್ತ್ರಿಪೆಟ್ಟಿಗೆಯೊಳಗೆ ಫೇಸ್ ತಂತಿ ಲೋಹದ ಮೈಗೆ ತಗುಲಿದರೆ, ಟ್ರಾನ್ಸ್‌ಫಾರ್ಮರ್‌ನಿಂದ ಫೇಸ್ ತಂತಿ, ಪೆಟ್ಟಿಗೆಯ ಮೈ, ಅರ್ಥ್ ತಂತಿ, ಮತ್ತೆ ಟ್ರಾನ್ಸ್‌ಫಾರ್ಮರ್ ಎಂಬ ಒಂದು ಸುತ್ತು ಪೂರ್ಣವಾಗುತ್ತದೆ. ಈ ಸುತ್ತಿನ ಒಟ್ಟು ತಡೆಗೆ ಎಂಜಿನಿಯರುಗಳು ಅರ್ಥ್ ಫಾಲ್ಟ್ ಲೂಪ್ ಇಂಪಿಡೆನ್ಸ್ ಎನ್ನುತ್ತಾರೆ. ಹೆಸರು ಉದ್ದ, ಲೆಕ್ಕ ಚಿಕ್ಕದು: 230 ವೋಲ್ಟನ್ನು ಇದರಿಂದ ಭಾಗಿಸಿದರೆ ಬರುವುದೇ ಫಾಲ್ಟ್ ಕರೆಂಟು. ಅದು ಸಾಕಷ್ಟು ದೊಡ್ಡದಾಗಿದ್ದರೆ ಎಂಸಿಬಿ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಇಲ್ಲದಿದ್ದರೆ ಪೆಟ್ಟಿಗೆಯ ಮೈಯಲ್ಲಿ ಕರೆಂಟು ಕೂತಿರುತ್ತದೆ, ಮುಟ್ಟುವ ಕೈಗೆ ಕಾಯುತ್ತಾ.

ಇಲ್ಲಿ ಕಾವು ಒಳನುಗ್ಗುತ್ತದೆ. ಲೋಹ ಬಿಸಿಯಾದಷ್ಟೂ ವಿದ್ಯುತ್ತಿಗೆ ತಡೆ ಒಡ್ಡುತ್ತದೆ ಎಂಬುದನ್ನು ಹಂಫ್ರಿ ಡೇವಿ 1821ರಲ್ಲೇ ತೋರಿಸಿದ್ದ. 1860ರ ದಶಕದಲ್ಲಿ ಆಗಸ್ಟಸ್ ಮಥೀಸನ್ ಒಂದೊಂದೇ ಲೋಹವನ್ನು ಅಳೆದು ಲೆಕ್ಕ ಕೂಡಿಸಿದ. ಸಮುದ್ರದ ತಳದಲ್ಲಿ ಟೆಲಿಗ್ರಾಫ್ ಕೇಬಲ್ ಹಾಸುತ್ತಿದ್ದ ಕಾಲ ಅದು. ತಾಮ್ರದ ಗುಣಮಟ್ಟಕ್ಕೆ ಬೆಲೆ ಕಟ್ಟಬೇಕಾದರೆ ಯಾವ ಕಾವಿನಲ್ಲಿ ಅಳೆದದ್ದು ಎಂದು ಮೊದಲು ಒಪ್ಪಿಕೊಳ್ಳಲೇಬೇಕಿತ್ತು. ಕೊನೆಗೆ 1913ರಲ್ಲಿ ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ ತಾಮ್ರಕ್ಕೆ ಒಂದು ಮಾನಕ ನಿಗದಿ ಮಾಡಿತು. ಅಳತೆಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್, ಅಲ್ಲಿಂದ ಪ್ರತಿ ಡಿಗ್ರಿಗೆ ರೋಧ 0.393 ಶೇಕಡಾ ಏರುತ್ತದೆ. ಇಂದಿಗೂ ಕೇಬಲ್ ಕೋಷ್ಟಕಗಳ ತಲೆಯಲ್ಲಿ ಇದೇ ಇಪ್ಪತ್ತು ಡಿಗ್ರಿ ಕೂತಿದೆ.

ಇಪ್ಪತ್ತು ಡಿಗ್ರಿ ಯುರೋಪಿನ ಪ್ರಯೋಗಾಲಯದ ಹವೆ. ಟಾಲಿಗಂಜ್‌ನಲ್ಲಿ ಅದು ಸಿಗುವುದು ಚಳಿಗಾಲದಲ್ಲಿ ಮಾತ್ರ. ವೈಶಾಖದಲ್ಲಿ ನೆರಳೇ 38–40 ಡಿಗ್ರಿ ಮುಟ್ಟುತ್ತದೆ. ಅದರ ಮೇಲೆ ತಂತಿಯಲ್ಲಿ ಹರಿಯುವ ಕರೆಂಟಿನದೇ ಬಿಸಿ ಬೇರೆ. ಪಿವಿಸಿ ಹೊದಿಕೆಯ ತಂತಿ 70 ಡಿಗ್ರಿಯವರೆಗೆ ಬಿಸಿಯಾಗಬಹುದು ಎಂದು ಕೋಷ್ಟಕಗಳೇ ಒಪ್ಪುತ್ತವೆ. 20ರಿಂದ 70ಕ್ಕೆ ಐವತ್ತು ಡಿಗ್ರಿ, ಅಂದರೆ ರೋಧ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಜಾಸ್ತಿ.

ಕೋಲಾರದಲ್ಲಿ ಇದು ಇನ್ನೂ ವಿಪರೀತ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕಿಳಿದಾಗ ಬಂಡೆಯ ಕಾವೇ 60 ಡಿಗ್ರಿ ದಾಟುತ್ತಿತ್ತು. ಗಾಳಿ ಹಾಯಿಸಿ ತಣಿಸಿದರೂ ಅಲ್ಲಿನ ಕೇಬಲ್ಲು ಒಂದು ಆಂಪಿಯರೂ ಹರಿಯದೆ ಬಿಸಿ ಹೊತ್ತೇ ಕೂತಿರುತ್ತಿತ್ತು.

ಈ ಐದರಲ್ಲೊಂದು ಪಾಲು ಏನು ಮಾಡೀತು? 32 ಆಂಪಿಯರಿನ ಬಿ ಮಾದರಿ ಎಂಸಿಬಿ ತಟ್ಟನೆ ಬೀಳುವುದು ಖಚಿತವಾಗಬೇಕಾದರೆ ಅದರ ಐದು ಪಟ್ಟು, 160 ಆಂಪಿಯರ್, ಹರಿಯಬೇಕು. ಅಂದರೆ ಸುತ್ತಿನ ಇಂಪಿಡೆನ್ಸ್ 1.44 ಓಮ್ ಮೀರಬಾರದು. ಜನವರಿಯ ಬೆಳಿಗ್ಗೆ ಮೀಟರಿನಲ್ಲಿ 1.25 ಓಮ್ ಬಂತು ಎನ್ನೋಣ. ಫಾಲ್ಟ್ ಕರೆಂಟು 184 ಆಂಪಿಯರ್, ಪಾಸ್. ಮೇ ತಿಂಗಳ ರಾತ್ರಿ ಏಸಿ, ಗೀಸರ್ ಎಲ್ಲ ಎಳೆದು ತಂತಿ 70 ಡಿಗ್ರಿಗೇರಿದಾಗ ಅದೇ ಸುತ್ತು 1.5 ಓಮ್. ಕರೆಂಟು 153ಕ್ಕೆ ಇಳಿಯಿತು. ಈಗ ಎಂಸಿಬಿ ತಟ್ಟನೆ ಬೀಳುವ ಭರವಸೆ ಇಲ್ಲ. ಅದರೊಳಗಿನ ಬಿಸಿಯ ಪಟ್ಟಿ ಬಾಗಿ ಬೀಳಿಸುವವರೆಗೆ ಕೆಲವು ಸೆಕೆಂಡು ಕಾಯಬೇಕಾದೀತು. ಕೊಡಬಹುದಾದ ಸಮಯ 0.4 ಸೆಕೆಂಡ್ ಮಾತ್ರ. ಸಿ ಮಾದರಿಯಾದರೆ ಹತ್ತು ಪಟ್ಟು ಬೇಕು, ಲೆಕ್ಕ ಇನ್ನೂ ಬಿಗಿ. ಇಡೀ ಸುತ್ತು ಒಂದೇ ಸಮ ಬಿಸಿಯಾಗುವುದಿಲ್ಲ, ಬೀದಿಯ ಕೇಬಲ್ಲು ನೆಲದೊಳಗೆ ತಂಪಾಗಿರಬಹುದು, ನಿಜ. ಆದರೆ ಜೀವದ ಪ್ರಶ್ನೆಯಲ್ಲಿ ಆ ರಿಯಾಯಿತಿಯನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಲೇಸು.

ಟಾಲಿಗಂಜ್‌ಗೆ ಮೆಟ್ರೊ ಬಂದದ್ದು 1986ರ ಏಪ್ರಿಲ್‌ನಲ್ಲಿ. ದೇಶದ ಮೊದಲ ಮೆಟ್ರೊ 1984ರಲ್ಲಿ ಶುರುವಾಗಿ ಎರಡೇ ವರ್ಷದಲ್ಲಿ ಇಲ್ಲಿಗೆ ಮುಟ್ಟಿತು. ಮಹಾನಾಯಕ್ ಉತ್ತಮ್ ಕುಮಾರ್ ಎಂದು ಈಗ ಹೆಸರಿರುವ ಆ ನಿಲ್ದಾಣಕ್ಕೆ ಬರುವಾಗ ರೈಲು ಸುರಂಗದಿಂದ ಬಿಸಿಲಿಗೆ ಏರುತ್ತದೆ. ಮೂರನೆಯ ಹಳಿಯಲ್ಲಿ 750 ವೋಲ್ಟ್ ಡಿಸಿ, ಮರಳುವ ದಾರಿ ಓಡುವ ಹಳಿಗಳೇ. ಇಲ್ಲಿ ಹಳೆಯ ಟ್ರಾಮಿನ ತಲೆನೋವೇ ದೊಡ್ಡದಾಗಿ ಬರುತ್ತದೆ. ಸಬ್‌ಸ್ಟೇಷನ್ನಿನಿಂದ ದೂರದಲ್ಲಿ ಫಾಲ್ಟ್ ಆದರೆ, ಉದ್ದನೆಯ ಉಕ್ಕಿನ ರೋಧದಿಂದಾಗಿ ಅದರ ಕರೆಂಟು ನಿಲ್ದಾಣ ಬಿಟ್ಟು ಹೊರಡುವ ರೈಲು ಎಳೆಯುವ ಕರೆಂಟಿನಷ್ಟೇ ಇರಬಹುದು. ಉಕ್ಕು ಬಿಸಿಯಾದರೆ ಇನ್ನೂ ಕಡಿಮೆ. ಹಾಗಾಗಿ ಇಂಥ ರೈಲುಗಳ ಬ್ರೇಕರುಗಳಿಗೆ ಕರೆಂಟಿನ ಪ್ರಮಾಣ ಮಾತ್ರವಲ್ಲ, ಅದು ಏರುವ ವೇಗವನ್ನೂ ಗಮನಿಸಲು ಕಲಿಸಿದರು. ರೈಲು ಮೆಲ್ಲಗೆ ಎಳೆಯುತ್ತದೆ, ಫಾಲ್ಟ್ ಜಿಗಿಯುತ್ತದೆ. ಸೊಗಸಾದ ಉಪಾಯ.

ಮನೆಗಳಿಗೆ ಸಿಕ್ಕ ಉಪಾಯ ಆರ್‌ಸಿಸಿಬಿ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಸಾಕು, ಬೀಳುತ್ತದೆ. ಅದಕ್ಕೆ 1.25 ಆದರೇನು, 1.5 ಆದರೇನು. ಹಾಗೆಂದು ಅರ್ಥಿಂಗ್ ಬೇಡವೆಂದಲ್ಲ. ಆರ್‌ಸಿಸಿಬಿ ಒಳಗಿನ ಸಣ್ಣ ಯಂತ್ರ ಕೆಟ್ಟು ಕೂರುವುದುಂಟು, ಆಗ ಕಾಯುವುದು ಈ ಸುತ್ತೇ.

2025ರ ಸೆಪ್ಟೆಂಬರ್ 22–23ರ ರಾತ್ರಿ ಕೋಲ್ಕತ್ತದಲ್ಲಿ ಸುರಿದ ಮಳೆಗೆ ದಕ್ಷಿಣದ ಬೀದಿಗಳು ಮುಳುಗಿದವು. ಸತ್ತವರಲ್ಲಿ ಹೆಚ್ಚಿನವರು ನೀರಿನಲ್ಲಿ ಕರೆಂಟು ತಗುಲಿ ಸತ್ತರು. ಟಾಲಿಗಂಜ್ ಪಕ್ಕದ ನೇತಾಜಿನಗರವೂ ಆ ಪಟ್ಟಿಯಲ್ಲಿದೆ. ಇದನ್ನು ಕಾವಿನ ತಲೆಗೆ ಕಟ್ಟಲಾಗದು. ನೀರಿಗೆ ಇಳಿದ ಕರೆಂಟು ಒಳ್ಳೆಯ ತಂತಿ ಸಿಗದೆ ಕೆಸರಿನ ಮೂಲಕ ಮರಳಲು ಹೊರಟರೆ, ಸುತ್ತಿನ ರೋಧ ಶೇಕಡಾ ಇಪ್ಪತ್ತಲ್ಲ, ಹತ್ತಾರು ಪಟ್ಟು ಹೆಚ್ಚುತ್ತದೆ. ಫ್ಯೂಸಿಗೆ ಗೊತ್ತೇ ಆಗುವುದಿಲ್ಲ. ಬಿಸಿಲಿನಲ್ಲಿ ಇಂಚಿಂಚಾಗಿ ಆಗುವ ನಷ್ಟ ಮಳೆಯಲ್ಲಿ ಒಮ್ಮೆಗೇ ಆಗುತ್ತದೆ.

ಬ್ರಿಟನ್ನಿನ ಎಲೆಕ್ಟ್ರಿಷಿಯನ್ನರು ಇದಕ್ಕೊಂದು ಕೈಲೆಕ್ಕ ಇಟ್ಟುಕೊಂಡಿದ್ದಾರೆ. ಕೋಷ್ಟಕದ ಮಿತಿಯನ್ನು 0.8ರಿಂದ ಗುಣಿಸು, ತಣ್ಣಗಿನ ತಂತಿಯ ಅಳತೆ ಅದರೊಳಗಿರಲಿ. 1.44ಕ್ಕೆ 1.15 ಬರುತ್ತದೆ. ಆ ಜನವರಿಯ 1.25 ಓಮ್ ಇದರ ಪ್ರಕಾರ ನಪಾಸು.